ಗಂಟೆಯ ಹಗ್ಗ ಯಾರ ಕೈಗೆ?



ಮೇ ತಿಂಗಳು ಬಂತೆಂದರೆ ನಮ್ಮ ನಿಮ್ಮ ಮನೆಗಳಲ್ಲಿ ಎರಡೇ ಮಾತು. ಒಂದು, ಮಳೆ ಹಿಡಿಯುವುದರೊಳಗೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮುಗಿಸಬೇಕು. ಎರಡು, ಯಾರಿಗೆ ಎಲ್ಲಿಗೆ ವರ್ಗವಾಯಿತು? ಬ್ಯಾಂಕಿನವರು, ಮಾಸ್ತರರು, ಪೊಲೀಸಿನವರು, ಎಲ್ಲರೂ ಗಂಟುಮೂಟೆ ಕಟ್ಟುವ ಕಾಲ ಇದು. ನಮ್ಮ ಕಥೋಲಿಕ ಇಗರ್ಜಿಗಳಲ್ಲೂ ಹೀಗೆಯೇ ಎಂದರೆ ನಿಮ್ಮಲ್ಲಿ ಕೆಲವರಿಗೆ ಅಚ್ಚರಿಯಾದೀತು. ಹೌದು, ಫಾದರ್‌ಗಳಿಗೂ ವರ್ಗಾವಣೆ ಉಂಟು, ಸಿಸ್ಟರ್‌ಗಳಿಗೂ ಉಂಟು. ಶಾಲೆ ತೆರೆಯುವ ಮುಂಚೆ ಎಲ್ಲ ಮುಗಿಯಲಿ ಎಂದು ಹೆಚ್ಚಾಗಿ ಬೇಸಿಗೆಯಲ್ಲೇ ಆಗುತ್ತದೆ. ಅದೇ ಹೊತ್ತಿಗೆ ನಮ್ಮದೊಂದು ದೊಡ್ಡ ಹಬ್ಬ. ಹೋಗುವವರು ಹೋಗಿರುತ್ತಾರೆ, ಬರುವವರು ಪೆಟ್ಟಿಗೆ ಬಿಚ್ಚಿರುವುದಿಲ್ಲ, ಹಬ್ಬ ಮಾತ್ರ ಬಾಗಿಲಿಗೆ ಬಂದು ನಿಂತಿರುತ್ತದೆ!

2025ರಲ್ಲಿ ಹೀಗೇ ಆಯಿತು. ಆಗ ನಾನೊಂದು ಸಣ್ಣತನ ಮಾಡಿದೆ. ನಿಮ್ಮ ಮುಂದೆ ಮುಚ್ಚುಮರೆಯೇಕೆ? ಅದನ್ನೇ ಇವತ್ತು ಹೇಳಿಬಿಡುತ್ತೇನೆ. ಊರು ಬೆಳಗಾವಿ. ಇಗರ್ಜಿಯ ಹೆಸರು ಮಾತ್ರ ಕೇಳಬೇಡಿ, ಮನೆಯ ಮಾತು ಮನೆಯಲ್ಲೇ ಇರಲಿ.

ಮೊದಲು ಹಬ್ಬ ಯಾವುದೆಂದು ಹೇಳಬೇಕು. ಇದರ ಹೆಸರು ಪಂಚಾಶತ್ತಮ. ಇಂಗ್ಲಿಷಿನಲ್ಲಿ ಪೆಂಟೆಕೋಸ್ಟ್ ಎನ್ನುತ್ತಾರೆ. ಮೂಲ ಗ್ರೀಕ್ ಮಾತಿಗೆ ‘ಐವತ್ತನೆಯದು’ ಎಂದರ್ಥ. ಈಸ್ಟರ್ ರವಿವಾರವನ್ನೂ ಸೇರಿಸಿ ಎಣಿಸಿದರೆ ಐವತ್ತನೆಯ ದಿನ. 2025ರಲ್ಲಿ ಈಸ್ಟರ್ ಏಪ್ರಿಲ್ 20ಕ್ಕೆ, ಪಂಚಾಶತ್ತಮ ಜೂನ್ 8ಕ್ಕೆ. ಅದಕ್ಕೂ ಹಿಂದೆ ಇದು ಯೆಹೂದ್ಯರ ಸುಗ್ಗಿಯ ಹಬ್ಬ. ಹೊಸ ಗೋದಿಯ ರೊಟ್ಟಿ ಮಾಡಿ ದೇವರಿಗೆ ಅರ್ಪಿಸುತ್ತಿದ್ದರಂತೆ. ನಮ್ಮಲ್ಲಿ ಹೊಸ ಅಕ್ಕಿಯ ಹಬ್ಬ ಇಲ್ಲವೇ, ಹಾಗೆ.

ಯೇಸುಸ್ವಾಮಿ ಸ್ವರ್ಗಕ್ಕೆ ಏರಿಹೋದ ಮೇಲೆ ಶಿಷ್ಯರಿಗೆ ದಿಕ್ಕು ತೋಚದಂತಾಗಿತ್ತು. ಜೆರುಸಲೇಮಿನ ಒಂದು ಮಾಳಿಗೆಯ ಕೋಣೆಯಲ್ಲಿ ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ಅಲ್ಲಿ ತಾಯಿ ಮರಿಯಳೂ ಇದ್ದಳು, ಬೇರೆ ಹೆಂಗಸರೂ ಇದ್ದರು. ಐವತ್ತನೆಯ ದಿನ ಬಿರುಗಾಳಿಯಂಥ ಸದ್ದಾಗಿ, ಬೆಂಕಿಯ ನಾಲಗೆಗಳ ಹಾಗೆ ಪವಿತ್ರಾತ್ಮ ಅವರ ಮೇಲೆ ಇಳಿದು ಬಂದನಂತೆ. ಅಂಜಿ ಕೂತವರು ಎದ್ದು ಬೀದಿಗೆ ಬಂದು ಮಾತಾಡಿದರು. ಯಾತ್ರೆಗೆ ಬಂದ ಈಜಿಪ್ಟಿನವರು, ರೋಮಿನವರು, ಅರಬ್ಬರು, ಪಾರ್ಥಿಯರು ಎಲ್ಲರಿಗೂ ಅವರವರ ತಾಯ್ನುಡಿಯಲ್ಲೇ ಆ ಮಾತು ಕೇಳಿಸಿತು.

ಇದೇ ಕಥೆಯಲ್ಲಿ ಇನ್ನೊಂದು ಸಂಗತಿಯುಂಟು, ನಾವು ಅದನ್ನು ಅಷ್ಟಾಗಿ ಗಮನಿಸುವುದಿಲ್ಲ. ಆ ಮಾಳಿಗೆಯಲ್ಲೂ ಒಂದು ಸ್ಥಾನ ಖಾಲಿ ಇತ್ತು. ಹನ್ನೆರಡು ಜನರಲ್ಲಿ ಯೂದ ಇರಲಿಲ್ಲ. ಅವನ ಜಾಗಕ್ಕೆ ಇಬ್ಬರ ಹೆಸರು ಬಂತು. ಚೀಟಿ ಹಾಕಿದರು, ಮತ್ತೀಯನಿಗೆ ಬಂತು. ಹಬ್ಬ ಬರುವ ಮುಂಚೆ ಆದ ಹೊಸ ನೇಮಕ ಇದು. ಅಂದರೆ ನಮ್ಮ ಗಡಿಬಿಡಿ ಇವತ್ತಿನದಲ್ಲ!

ನನ್ನ ತವರು ಖಾನಾಪುರ. ಮನೆಯಲ್ಲಿ ಕೊಂಕಣಿ, ಅಂಗಡಿ ಬಜಾರದಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ ಬೆಳಗಾವಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ನಮ್ಮ ಮಾಯ್, ಅಂದರೆ ನನ್ನ ತಾಯಿ, ಹುಟ್ಟಿದ್ದು 1953ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 19ರಂದು ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಅದಕ್ಕೂ ಮುಂಚೆ ಈ ಸೀಮೆಯ ಇಗರ್ಜಿಗಳು ಗೋವಾ, ಪುಣೆಗಳ ಕೆಳಗೆ ಇದ್ದವು. ಮುಂದೆ 1976ರಲ್ಲಿ ಇದರಿಂದಲೇ ಕಾರವಾರ ಧರ್ಮಪ್ರಾಂತ್ಯ ಬೇರೆಯಾಯಿತು. ಮಾಯ್ ಸಣ್ಣವಳಿದ್ದಾಗ ಪೂಜೆ ಎಲ್ಲ ಲ್ಯಾಟಿನ್‌ನಲ್ಲಿ. ಅರ್ಥ ತಿಳಿಯದೆಯೇ ಬಾಯಿಪಾಠ ಹೇಳುತ್ತಿದ್ದರಂತೆ. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಆಯಾ ಜನರ ಭಾಷೆಯಲ್ಲೇ ಪೂಜೆ ಶುರುವಾಯಿತು. “ಅಷ್ಟು ದಿವಸ ದೇವರ ಜೊತೆ ಪಾದ್ರಿ ಮಾತಾಡ್ತಿದ್ರು, ನಾವು ಕೇಳ್ತಾ ನಿಲ್ತಿದ್ವಿ. ಆಮೇಲೆ ನಾವೂ ಮಾತಾಡಿದ್ವಿ” ಎನ್ನುತ್ತಾಳೆ ಮಾಯ್.

ಬದಲಾವಣೆ ನಮಗೆ ಹೊಸದಲ್ಲ. ನಮ್ಮ ಬಿಷಪ್ ಪೀಟರ್ ಮಚಾದೋ ಅವರನ್ನು 2018ರ ಮಾರ್ಚ್‌ನಲ್ಲಿ ಬೆಂಗಳೂರಿನ ಆರ್ಚ್‌ಬಿಷಪ್ ಎಂದು ನೇಮಿಸಿದರು. ಮೇ 31ಕ್ಕೆ ಅಲ್ಲಿ ಅಧಿಕಾರ ವಹಿಸಿಕೊಂಡರು. ಆ ವರ್ಷದ ಪಂಚಾಶತ್ತಮ ಮೇ 20ಕ್ಕೆ, ಸರಿಯಾಗಿ ನಡುವೆಯೇ ಬಂದಿತ್ತು. 2019ರಲ್ಲಿ ಕಾರವಾರದಿಂದ ಬಿಷಪ್ ಡೆರೆಕ್ ಫರ್ನಾಂಡಿಸ್ ಅವರನ್ನು ಬೆಳಗಾವಿಗೆ ನೇಮಿಸಿದರು. ಇನ್ನು 2025ರಲ್ಲಂತೂ ರೋಮಿನಲ್ಲೇ ಬದಲಾವಣೆ. ಈಸ್ಟರಿನ ಮರುದಿನ, ಏಪ್ರಿಲ್ 21ಕ್ಕೆ ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಮೇ 8ಕ್ಕೆ ಹದಿನಾಲ್ಕನೆಯ ಲಿಯೋ ಆಯ್ಕೆಯಾದರು. ಟಿವಿಯಲ್ಲಿ ಬಿಳಿ ಹೊಗೆ ನೋಡಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಆದರೆ ಮೂರು ದಿನ ಬಿಟ್ಟು ರವಿವಾರ ನಮ್ಮ ಇಗರ್ಜಿಯಲ್ಲೇ ವರ್ಗಾವಣೆಯ ಕಾಗದ ಓದಿದಾಗ ನನ್ನ ಮುಖ ಸಣ್ಣದಾಯಿತು. ದೂರದ ಬದಲಾವಣೆಗೆ ಚಪ್ಪಾಳೆ, ಹತ್ತಿರದ್ದಕ್ಕೆ ಕಣ್ಣೀರು. ಮನುಷ್ಯರ ಸ್ವಭಾವವೇ ಹೀಗೆ, ಅಲ್ಲವೇ?

ನಮ್ಮ ಫಾದರ್‌ಗೆ ವರ್ಗವಾಗಿತ್ತು. ಹಾಡು ಕಲಿಸುತ್ತಿದ್ದ ಸಿಸ್ಟರ್‌ಗೂ ಅದೇ ವಾರ ಬೇರೆ ಊರಿಗೆ ಕಳಿಸಿದ ಕಾಗದ ಬಂತು. ಮೂರನೆಯವರು ಗಂಟೆ ಬಾರಿಸುವ ಕಾಕಾ. ಬೈಲಹೊಂಗಲ ಕಡೆಯವರು, ಕನ್ನಡ ಬಿಟ್ಟರೆ ಬೇರೆ ಮಾತು ಸರಿಯಾಗಿ ಬಾರದು. ಮೂವತ್ತು ವರ್ಷದ ಮೇಲೆ ಗಂಟೆ ಬಾರಿಸಿ, ದೀಪ ಹಚ್ಚಿ, ಬಲಿಪೀಠ ಅಣಿಮಾಡಿ, ಕಸ ಹೊಡೆದವರು. ಮೊಣಕಾಲು ನೋವು ಹೆಚ್ಚಾಗಿ, ಖಾನಾಪುರದಲ್ಲಿದ್ದ ಮಗಳ ಮನೆಗೆ ಹೋಗಿಬಿಟ್ಟರು. ಅವರ ಸುದ್ದಿಯನ್ನು ಯಾರೂ ಓದಿ ಹೇಳಲಿಲ್ಲ. ಫಾದರ್‌ಗೆ ಶಾಲು, ಹಾರ, ಕುಂದಾದ ಡಬ್ಬಿ, ಫೋಟೋ ಎಲ್ಲ ಆಯಿತು. ಸಿಸ್ಟರ್‌ಗೆ ಮಕ್ಕಳು ಹಾಡು ಹೇಳಿ ಅತ್ತರು. ಕಾಕಾ ಹೋದದ್ದು ನನಗೆ ತಿಳಿದದ್ದು ಮೂರು ದಿನದ ಮೇಲೆ, ಅದೂ ಸಂಜೆಯ ಗಂಟೆ ತಪ್ಪಿದಾಗ.

ಇನ್ನು ನನ್ನ ಕಥೆ ಕೇಳಿ. ಹನ್ನೊಂದು ವರ್ಷದಿಂದ ಹಬ್ಬದ ಅಡುಗೆ, ಪೀಠದ ಹೂವು, ಬಟ್ಟೆ ಎಲ್ಲ ನನ್ನ ಉಸ್ತುವಾರಿ. ನನ್ನ ಹತ್ತಿರ ನೀಲಿ ರಟ್ಟಿನ ಒಂದು ವಹಿ ಇದೆ. ಕೆಂಪು ಪೀಠವಸ್ತ್ರ ಯಾವ ಕಪಾಟಿನಲ್ಲಿ, ಬೀಗದ ಕೈ ಯಾರಲ್ಲಿ, ದೊಡ್ಡ ಇಡ್ಲಿ ಪಾತ್ರೆ ಯಾರ ಮನೆಯದು, ಎಷ್ಟು ಜನಕ್ಕೆ ಎಷ್ಟು ಅಕ್ಕಿ, ಕಳೆದ ಸಲ ಯಾವ ಹಾಡು, ಯಾರ ಮನೆಯಲ್ಲಿ ಕಾಯಿಲೆ, ಅವರಿಗೆ ಈ ವರ್ಷ ಕೆಲಸ ಹೇಳಬಾರದು, ಎಲ್ಲ ಅದರಲ್ಲಿ ಬರೆದಿದ್ದೆ.

ಹೊಸ ಫಾದರ್ ಬಂದದ್ದು ಮೇ ಕೊನೆಗೆ, ನವೇನ ಶುರುವಾಗುವ ಹಿಂದಿನ ದಿನ. ನವೇನ ಎಂದರೆ ಹಬ್ಬದ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ. ಪಾಪ, ವಯಸ್ಸು ಚಿಕ್ಕದು, ಗದಗ ಕಡೆಯ ಮಾತು. ಮೊದಲ ಮೀಟಿಂಗಿನಲ್ಲೇ, “ಈ ಸಲ ಹೊಸಬರಿಗೂ ಕೆಲಸ ಹಂಚೂಣು” ಎಂದು ಅಡುಗೆ ಮತ್ತು ಪೀಠದ ಕೆಲಸವನ್ನು ಒಬ್ಬ ಹೊಸ ಸೊಸೆಗೆ ಒಪ್ಪಿಸಿಬಿಟ್ಟರು. ನನ್ನ ಕಡೆ ತಿರುಗಿ, “ಅಕ್ಕಾರ, ನಿಮ್ಮ ಹತ್ರ ಒಂದು ವಹಿ ಐತಂತಲ್ರಿ, ಅಕಿಗೆ ಕೊಡ್ರಿ” ಎಂದರು.

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನನಗೆ ಎದೆಯಲ್ಲಿ ಚುಚ್ಚಿದಂತಾಯಿತು. ಹನ್ನೊಂದು ವರ್ಷದ ದುಡಿಮೆಗೆ ಒಂದು ಮೆಚ್ಚುಗೆಯ ಮಾತಿಲ್ಲ, ನೇರ ವಹಿ ಕೇಳುತ್ತಾರಲ್ಲ ಎನ್ನಿಸಿತು. “ಎಲ್ಲಿಟ್ಟೀನೋ ಏನೋ, ಹುಡುಕ್ತೀನ್ರಿ ಫಾದರ್” ಎಂದೆ. ವಹಿ ಎಲ್ಲಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಟ್ರಂಕಿನಲ್ಲಿ ರೇಷ್ಮೆ ಸೀರೆಯ ಕೆಳಗೆ!

ಅದೇ ಮೀಟಿಂಗಿನಲ್ಲಿ ಇನ್ನೊಂದು ಜಗಳ. ಹಬ್ಬದ ದಿನ ಎಲ್ಲ ಭಾಷೆಯಲ್ಲೂ ಒಂದೊಂದು ಪ್ರಾರ್ಥನೆ ಓದಬೇಕೆಂದಾಯಿತು. ಸರಿ, ಮೊದಲು ಯಾವುದು? ಬೆಳಗಾವಿಯಲ್ಲಿ ಈ ಪ್ರಶ್ನೆ ಕೇಳಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕೇ? ಕೊಂಕಣಿ ಮೊದಲು ಎಂದರು ಒಬ್ಬರು, ಮರಾಠಿ ಮೊದಲು ಎಂದರು ಇನ್ನೊಬ್ಬರು, ಕನ್ನಡ ನಾಡಿನಲ್ಲಿ ಕನ್ನಡವೇ ಮೊದಲು ಎಂದರು ಮತ್ತೊಬ್ಬರು. ಎಲ್ಲರ ಮಾತೂ ಎಲ್ಲರಿಗೂ ಅರ್ಥವಾಗಬೇಕಾದ ಹಬ್ಬಕ್ಕೆ ಯಾರ ಮಾತನ್ನೂ ಯಾರೂ ಕೇಳುತ್ತಿರಲಿಲ್ಲ! ಕಡೆಗೆ ಆ ಹೊಸ ಸೊಸೆಯೇ ಮೆಲ್ಲಗೆ, “ಮತ್ತೀಯನ್ನ ಆರಿಸಿದಂಗ ನಾವೂ ಚೀಟಿ ಹಾಕೂಣ್ರಿ” ಎಂದಳು. ಒಂದು ಮಗುವಿನ ಕೈಯಿಂದ ಎತ್ತಿಸಿದರು. ಮೊದಲ ಚೀಟಿ ಮಲಯಾಳಂ! ಆಸ್ಪತ್ರೆಯ ಕೇರಳದ ನರ್ಸ್ ಒಬ್ಬಳು ನಮ್ಮಲ್ಲಿ ಪೂಜೆಗೆ ಬರುತ್ತಾಳೆ, ಅವಳ ಹೆಸರಿನಲ್ಲಿ ಬರೆದದ್ದು. ಜಗಳವಾಡಿದವರೆಲ್ಲ ನಕ್ಕುಬಿಟ್ಟರು. ನಾನೂ ನಕ್ಕೆ, ಆದರೆ ಹುಡುಗಿ ಜಾಣೆ ಎಂದು ಬಾಯಿಬಿಟ್ಟು ಹೇಳಲಿಲ್ಲ.

ಎರಡು ದಿನ ಬಿಟ್ಟು ಮಾಯ್‌ಳನ್ನು ನೋಡಲು ಖಾನಾಪುರಕ್ಕೆ ಹೋದೆ. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತ್ತು. ನಮ್ಮ ಕಡೆಯೂ ಬೇಗ ಮಳೆ ಹಿಡಿದು ಹೊಲವೆಲ್ಲ ಕೆಸರು. ಒಣ ನೆಲದಲ್ಲಿ ಭತ್ತ ಬಿತ್ತಲು ಆಗಲಿಲ್ಲವೆಂದು ಮಾಯ್ ಒದ್ದಾಡುತ್ತಿದ್ದಳು. ನನ್ನ ದೂರನ್ನೆಲ್ಲ ಅವಳ ಮುಂದೆ ಸುರಿದೆ. ಅಕ್ಕಿ ಆರಿಸುತ್ತಲೇ ಕೇಳಿಸಿಕೊಂಡು, “ನಿನ್ನ ಅತ್ತಿಗೆ ಬಂದ ವರ್ಷ ಕಣಜದ ಕೀಲಿ ನಾನೇ ಅವಳ ಕೈಗೆ ಕೊಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ ಬಾಯೆ. ಆದರೆ ಕೊಡದೆ ಇದ್ದಿದ್ದರೆ ಇಷ್ಟು ವರ್ಷ ನಿದ್ದೆ ಬರ್ತಿರಲಿಲ್ಲ” ಎಂದಳು. ನನಗೆ ಒಳಗೇ ಅರ್ಥವಾಯಿತು. ಆದರೂ ಮನಸ್ಸು ಮೆತ್ತಗಾಗಲಿಲ್ಲ.

ಸಂಜೆ ನಾಲ್ಕರ ಬಸ್ಸಿಗೆ ತಿರುಗಿ ಹೊರಟೆ. ಹತ್ತಿದರೆ ಮುಂದಿನ ಸೀಟಿನಲ್ಲಿ ನಮ್ಮ ಕಾಕಾ! ಕೈಯಲ್ಲಿ ಕೋಲು, ಮೊಣಕಾಲಿಗೆ ಬಟ್ಟೆ ಸುತ್ತಿದ್ದರು. ಹೆಂಗಸರಿಗೆ ಬಸ್ಸು ಬಿಟ್ಟಿಯಾದದ್ದು 2023ರ ಜೂನ್‌ನಲ್ಲಿ. ನನಗೆ ಶೂನ್ಯ ಟಿಕೀಟು, ಕಾಕಾ ಮಾತ್ರ ಗಂಟು ಬಿಚ್ಚಿ ಚಿಲ್ಲರೆ ಎಣಿಸಿ ಕೊಟ್ಟರು.

“ಎಲ್ಲಿಗ್ ಹೊಂಟೀರಿ ಕಾಕಾ, ಈ ಮಳ್ಯಾಗ?”

“ಇಗರ್ಜಿಗೆ ಯವ್ವಾ. ಆ ಹುಡುಗಗ ಗಂಟಿ ಕಲಸಬೇಕಲ್ಲ. ಒಂದಿನ ಬಿಟ್ಟು ಒಂದಿನ ಬರ್ತೇನಿ.”

“ಯಾರ್ ಹೇಳಿದ್ರಿ ನಿಮಗ?”

“ಯಾರ್ ಹೇಳಬೇಕು? ಹಬ್ಬದ ದಿನ ಗಂಟಿ ತಪ್ಪಿದ್ರ ಚಂದಾಗೂದಿಲ್ಲ. ನನ್ನ ಕೂಡ ವಿದ್ಯಾ ಮಣ್ಣಿಗ್ ಹೋಗಬಾರದು.”

ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರು. ನೋವಿನ ಕಾಲಿಟ್ಟುಕೊಂಡು, ಕೈಯಿಂದ ರೊಕ್ಕ ಖರ್ಚು ಮಾಡಿ, ಯಾರೂ ಶಾಲು ಹೊದಿಸದ ಆ ಮನುಷ್ಯ ತನ್ನ ಕೆಲಸ ಒಪ್ಪಿಸಲು ಬರುತ್ತಿದ್ದ. ನಾನು ನೋಡಿದರೆ ಸೀರೆಯ ಕೆಳಗೆ ವಹಿ ಬಚ್ಚಿಟ್ಟು ಕೂತಿದ್ದೆ. ನಾಚಿಕೆಯಿಂದ ಕಿಟಕಿಯ ಕಡೆ ಮುಖ ತಿರುಗಿಸಿದೆ.

ಬಸ್ಸಿಳಿದು ಅವರ ಜೊತೆಗೇ ಇಗರ್ಜಿಗೆ ಹೋದೆ. ಹುಡುಗ ಕಾಯುತ್ತಿದ್ದ. ಹಗ್ಗ ಹಿಡಿದು ಜೋರಾಗಿ ಎಳೆದ. ಗಂಟೆ ತಡಬಡ ಎಂದಿತು. ಕಾಕಾ ನಕ್ಕು, “ಎಳಿಯೂದು ಎಲ್ಲಾರಿಗೂ ಬರ್ತದಪ್ಪಾ, ಬಿಡೂದು ಕಲೀಬೇಕು. ಹಗ್ಗ ಮ್ಯಾಲೆ ಹೋಗ್ವಾಗ ಹಿಡಕೊಂಡ್ ನಿಂತ್ರ ಕೈನೂ ಉರೀತಾವ, ಗಂಟಿನೂ ಕೆಡ್ತದ” ಎಂದರು. ಅವರು ಹುಡುಗನಿಗೇ ಹೇಳಿದ್ದು. ಆದರೆ ನನ್ನ ಕಿವಿ ಬಿಸಿಯಾಯಿತು.

ಅದೇ ರಾತ್ರಿ ವಹಿ ತೆಗೆದೆ. ಪುಟ ತಿರುವಿದರೆ ಹನ್ನೊಂದು ವರ್ಷದ ಹಬ್ಬಗಳು. ಪಾತ್ರೆ ಕೊಟ್ಟವರ ಹೆಸರಿದೆ, ಬಾಳೆ ಎಲೆ ತಂದವರ ಹೆಸರಿದೆ. ಕಾಕಾನ ಹೆಸರು ಒಂದು ಕಡೆಯೂ ಇಲ್ಲ! ಗಂಟೆ ತಾನೇ ಬಾರಿಸಿಕೊಂಡಿತೆಂದು ತಿಳಿದಿದ್ದೆನೋ ಏನೋ. ಮರುದಿನ ಸೊಸೆಯ ಮನೆಗೆ ಹೋಗಿ ವಹಿ ಕೊಟ್ಟೆ. “ಅಕ್ಕಾ, ನಾನs ಕೇಳಾಕ ಬರಬೇಕಂತಿದ್ದೆ, ಅಂಜಿಕಿ ಆತು” ಎಂದಳು. ಇಬ್ಬರೂ ಚಹ ಕುಡಿಯುತ್ತಾ ಒಂದೊಂದೇ ಪುಟ ಓದಿದೆವು. ಕೆಲವು ಕಡೆ ಅವಳು ನನಗಿಂತ ಒಳ್ಳೆಯ ಉಪಾಯ ಹೇಳಿದಳು.

ಕೊನೆಯ ಖಾಲಿ ಪುಟಗಳಲ್ಲಿ ಕಾಕಾನನ್ನು ಕೇಳಿ ಕೇಳಿ ಗಂಟೆಯ ಕ್ರಮ ಬರೆದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆಯ ತ್ರಿಕಾಲ ಪ್ರಾರ್ಥನೆಗೆ ಮೂರು ಪೆಟ್ಟು, ಸ್ವಲ್ಪ ತಡೆದು ಮೂರು, ಮತ್ತೆ ತಡೆದು ಮೂರು, ಆಮೇಲೆ ಒಂಬತ್ತು. ಸಾವಿನ ಗಂಟೆ ಒಂದೊಂದಾಗಿ, ನಿಧಾನವಾಗಿ. ಪವಿತ್ರ ಗುರುವಾರದ ಮಹಿಮೆಯ ಗೀತೆಯಿಂದ ಈಸ್ಟರಿನ ಹಿಂದಿನ ರಾತ್ರಿಯವರೆಗೆ ಗಂಟೆ ಮುಟ್ಟಬಾರದು. ಇದೆಲ್ಲ ಒಬ್ಬ ಮುದುಕನ ತಲೆಯಲ್ಲಿ ಮಾತ್ರ ಇತ್ತು ನೋಡಿ.

ಜೂನ್ 8 ಬಂತು. ಮಿರಗದ ಮಳೆ. ಹೊರಗೆ ಗುಲ್‌ಮೊಹರ್ ಹೂವು ಮಳೆಗೆ ಉದುರಿ ನೆಲವೂ ಕೆಂಪು, ಒಳಗೆ ಪೀಠವಸ್ತ್ರ, ಫಾದರ್‌ನ ಉಡುಪು ಎಲ್ಲ ಕೆಂಪು. ಬೆಂಕಿಯ ನೆನಪಿಗೆ ಈ ಹಬ್ಬಕ್ಕೆ ಕೆಂಪೇ ಬಣ್ಣ. ಹುಡುಗ ಗಂಟೆ ತಪ್ಪಿಸಲಿಲ್ಲ. ಮಲಯಾಳಂ ಪ್ರಾರ್ಥನೆ ನಮಗೆ ತಿಳಿಯಲಿಲ್ಲ, ಓದುವಾಗ ಆ ಹುಡುಗಿಯ ಕಣ್ಣು ತುಂಬಿದ್ದು ತಿಳಿಯಿತು. ಆಮೇಲೆ ಕೊಂಕಣಿ, ಕನ್ನಡ, ಇಂಗ್ಲಿಷ್, ಮರಾಠಿ, ಚೀಟಿ ಬಂದ ಹಾಗೆ. ಪೂಜೆ ಮುಗಿದ ಮೇಲೆ ಹೊಸ ಫಾದರ್ ಕಾಕಾನನ್ನು ಮುಂದೆ ಕರೆದು ಶಾಲು ಹೊದಿಸಿದರು. ಕಾಕಾ ಏನೂ ಮಾತಾಡಲಿಲ್ಲ. ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡು, “ಇನ್ನ ನನಗ ಬಸ್ಸಿನ ಹೊತ್ತಾತು” ಎಂದರು. ತಿಂಡಿ ತಿನ್ನದೆ ಬಿಡುತ್ತೇವೆಯೇ?

ಅಂದಿನ ತಿಂಡಿ ಸಾನ್ನಾಂ. ಇಡ್ಲಿಯ ತಂಗಿ ಎನ್ನಿ. ನಿಮಗೂ ಹೇಳುತ್ತೇನೆ, ಮಾಡಿ ನೋಡಿ. ಎರಡು ಬಟ್ಟಲು ಇಡ್ಲಿ ಅಕ್ಕಿ ಐದಾರು ಗಂಟೆ ನೆನೆಹಾಕಿ. ಒಂದು ಬಟ್ಟಲು ತೆಂಗಿನ ತುರಿಯೊಂದಿಗೆ ನುಣ್ಣಗೆ, ಗಟ್ಟಿಯಾಗಿ ರುಬ್ಬಿ. ಒಂದು ಸಣ್ಣ ಚಮಚ ಯೀಸ್ಟ್, ಎರಡು ದೊಡ್ಡ ಚಮಚ ಸಕ್ಕರೆ, ಸ್ವಲ್ಪ ಉಗುರು ಬೆಚ್ಚಗಿನ ನೀರು, ಮೂರನ್ನೂ ಕಲಸಿ ಹತ್ತು ನಿಮಿಷ ಬಿಡಿ. ನೊರೆ ಬಂದ ಮೇಲೆ ಹಿಟ್ಟಿಗೆ ಹಾಕಿ, ರುಚಿಗೆ ಉಪ್ಪು ಸೇರಿಸಿ ಮುಚ್ಚಿಡಿ. ಒಂದೆರಡು ಗಂಟೆಯಲ್ಲಿ ಉಬ್ಬಿ ಎರಡರಷ್ಟಾಗುತ್ತದೆ. ಮಳೆಗಾಲವಾದರೆ ಒಲೆಯ ಹತ್ತಿರ ಇಡಿ, ಇಲ್ಲದಿದ್ದರೆ ಹಿಟ್ಟು ಏಳುವುದೇ ಇಲ್ಲ. ಉಬ್ಬಿದ ಮೇಲೆ ಕಲಕಬೇಡಿ. ಎಣ್ಣೆ ಸವರಿದ ಸಣ್ಣ ಬಟ್ಟಲುಗಳಿಗೆ ಅರ್ಧದಷ್ಟು ಹಾಕಿ ಹದಿನೈದು ನಿಮಿಷ ಹಬೆಯಲ್ಲಿ ಬೇಯಿಸಿ. ತೆಂಗಿನ ಹಾಲು ಬೆಲ್ಲದೊಡನೆಯೂ ಸೈ, ಖಾರದ ಪಲ್ಯದೊಡನೆಯೂ ಸೈ. ಆ ದಿನ ಮಾಡಿದವಳು ಹೊಸ ಸೊಸೆ. ನನ್ನದಕ್ಕಿಂತ ಮೆತ್ತಗಾಗಿದ್ದವು. ಈ ಸಲ ಬಾಯಿಬಿಟ್ಟೇ ಹೇಳಿದೆ.

ಸೋದರಿಯರೇ, ಇದು ಇಗರ್ಜಿಯ ಮಾತು ಮಾತ್ರವಲ್ಲ. ನಿಮ್ಮ ಮಹಿಳಾ ಮಂಡಳ, ಭಜನಾ ಮಂಡಳಿ, ಸ್ವಸಹಾಯ ಸಂಘ, ಅಷ್ಟೇಕೆ, ನಿಮ್ಮ ಅಡುಗೆಮನೆಯಲ್ಲೂ ಒಂದು ದಿನ ಕೀಲಿ ಕೈ ಬದಲಾಗಲೇಬೇಕು. ನಾನು ಕಲಿತದ್ದು ಇಷ್ಟು. ಗೊತ್ತಿರುವುದನ್ನು ತಲೆಯಲ್ಲಿಟ್ಟುಕೊಳ್ಳದೆ ಒಂದು ವಹಿಯಲ್ಲಿ ಬರೆದಿಡಿ. ಕೇಳುವ ಮುಂಚೆಯೇ ಒಪ್ಪಿಸಿ, ಕೇಳಿದ ಮೇಲೆ ಕೊಟ್ಟರೆ ಅರ್ಧ ಪುಣ್ಯ ಹೋಯಿತು. ಹೊಸಬರು ಬೇರೆ ರೀತಿ ಮಾಡಿದರೆ ಒಂದು ಹಬ್ಬ ಮುಗಿಯುವವರೆಗಾದರೂ ಸುಮ್ಮನಿದ್ದು ನೋಡಿ. ನೀವೇ ಹೊಸಬರಾಗಿ ಹೋದರೆ, ಕೀಲಿ ಕೇಳುವ ಮುಂಚೆ ಇಷ್ಟು ದಿನ ಹಿಡಿದವಳಿಗೆ ಒಂದು ಒಳ್ಳೆಯ ಮಾತು ಹೇಳಿ. ಅದಕ್ಕೆ ಖರ್ಚೇನಿಲ್ಲ.

ಇನ್ನೊಂದು ಮಾತು. ಈ ಬೇಸಿಗೆಯಲ್ಲಿ ನಿಮ್ಮೂರಿನ ಶಾಲೆಯಿಂದ, ದವಾಖಾನೆಯಿಂದ, ಗುಡಿಯಿಂದ ದೊಡ್ಡವರು ಹೋಗುವಾಗ ಹಾರ ಹಾಕಿ, ಬೇಡವೆನ್ನುವುದಿಲ್ಲ. ಜೊತೆಗೆ ಶಾಲೆಯ ಗಂಟೆ ಬಾರಿಸಿದವನು, ಬಿಸಿಯೂಟ ಬೇಯಿಸಿದವಳು, ಅಂಗಳ ಗುಡಿಸಿದವಳು ಯಾರಾದರೂ ಸದ್ದಿಲ್ಲದೆ ಹೊರಟಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿ. ಸಂಜೆಯ ಗಂಟೆ ತಪ್ಪಿದ ಮೇಲೆ ನೆನಪಾಗುವುದು ಬೇಡ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಬರಲೇ?